ಒಂದು ಗೀರೂ ಇಲ್ಲ ಎಂದಿದ್ದೆ

ಕಾರು ಸಿಕ್ಕಿತು ಎಂದು ಕಾಪು ಠಾಣೆಯಿಂದ ಗಂಡನ ಅಂಗಡಿಗೆ ಫೋನು ಬಂದ ದಿನ, ನಾನು ಮಾಡಿದ ಮೊದಲ ಕೆಲಸ ಚಕ್ಕುಲಿಗೆ ಹಿಟ್ಟು ಕಲಸಿದ್ದು. ಕಳೆದುಹೋದ ವಸ್ತು ಸಿಕ್ಕಿದರೆ ಅಜ್ಜನಿಗೆ ಚಕ್ಕುಲಿ, ವೀಳ್ಯ, ಒಂದು ಕುಪ್ಪಿ ಕಳ್ಳು ಒಪ್ಪಿಸುವುದು ನಮ್ಮ ಕಡೆಯ ಕ್ರಮ. ಅಜ್ಜ ಎಂದರೆ ನಾವು ನಂಬಿದ ದೈವ. ಕಟಪಾಡಿಯಲ್ಲಿ ಇವರ ಬಟ್ಟೆ ಅಂಗಡಿಯ ಪಕ್ಕದಲ್ಲೇ ನಿಲ್ಲಿಸಿದ್ದ ಕಾರು ಕಾಣೆಯಾದ ಸಂಜೆಯೇ ನಾನು ಹರಕೆ ಹೇಳಿಕೊಂಡಿದ್ದೆ.

ನಮಗೆ ಆ ಕಾರು ಅಂತಸ್ತಿಗೆ ಬೇಕಾದದ್ದಲ್ಲ. ಅತ್ತೆಗೆ ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಣಿಪಾಲದ ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುತ್ತಿದ್ದರು. ಹೆಬ್ಬೆರಳು ಸ್ವಲ್ಪ ಮಿಸುಕತೊಡಗಿತ್ತು. ಅವರ ಮಾತು ತೊದಲಾದರೂ ಉಳಿದಿದೆ, ಹೆಬ್ಬೆರಳು ಮಿಸುಕಿದೆ ಎಂದು ದಿನಾ ದೀಪ ಹಚ್ಚುವಾಗ ಒಂದೊಂದಾಗಿ ಹೇಳಿಕೊಳ್ಳುತ್ತಿದ್ದೆ. ಕಾರು ಹೋದ ಮೇಲೆ ರಿಕ್ಷಾದಲ್ಲಿ ಕರೆದುಕೊಂಡು ಹೋದೆವು. ಹೊಂಡ ಬಂದಾಗಲೆಲ್ಲ ಅವರು ನೋವಿಗೆ ಕಣ್ಣು ಮುಚ್ಚುತ್ತಿದ್ದರು. ಎರಡು ಸಲ ಹೋದ ಮೇಲೆ, "ಇನ್ನು ಬೇಡ" ಎಂದುಬಿಟ್ಟರು.

ಹಾಗಾಗಿ ಕಾರು ಸಿಕ್ಕಿದ ಸಂತೋಷ ನನಗೆ ತಡೆಯಲಾಗಲಿಲ್ಲ. ಇವರು ಅಜ್ಜನ ಕಟ್ಟೆಗೆ ಹೋಗಿ ಹರಕೆ ಒಪ್ಪಿಸಿ ಬಂದರು. ನಾನು ಉಳಿದ ಚಕ್ಕುಲಿಯನ್ನು ಮನೆ ಮನೆಗೆ ಕೊಟ್ಟು ಬಂದೆ. ಪಕ್ಕದ ಮನೆಯ ಅಕ್ಕ ಕೇಳಿದರು: "ಕಾರು ಸರಿ ಉಂಟಾ?"

"ಒಂದು ಗೀರೂ ಇಲ್ಲ ಅಕ್ಕ. ಅಜ್ಜನ ಕಾರಣಿಕ, ಅಜ್ಜನ ಶಕ್ತಿ!" ಎಂದೆ.

ನಾನು ಕಾರನ್ನು ಇನ್ನೂ ನೋಡಿರಲೇ ಇಲ್ಲ.

ಮರುದಿನ ಠಾಣೆಯ ಅಂಗಳದಲ್ಲಿ ನೋಡಿದೆ. ಕಾರ್ಕಳದ ಕಡೆ ಒಂದು ಕಲ್ಲಿನ ಕೋರೆಯ ಹತ್ತಿರ ಸಿಕ್ಕಿತ್ತಂತೆ. ಗಾಲಿ ಇಲ್ಲ, ಸೀಟು ಇಲ್ಲ, ಎಡಗಡೆಯ ಬಾಗಿಲೂ ಇಲ್ಲ. ಇವರು ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತರು. ಮನೆಗೆ ಬಂದ ಮೇಲೆ ನಾನು ಯಾರಿಗೂ ಹೇಳಲಿಲ್ಲ. ಅಜ್ಜ ಕೊಟ್ಟದ್ದಕ್ಕೆ ಕುಂದು ಹೇಳುವುದು ಹೇಗೆ? ಕಾರು ಯಾಕೆ ಮನೆಗೆ ಬರಲಿಲ್ಲ ಎಂದು ಕೇಳಿದವರಿಗೆ, ಕೋರ್ಟಿನ ಕಾಗದ ಆಗಬೇಕು ಎಂದೆ. ಅದು ಸುಳ್ಳೇನೂ ಆಗಿರಲಿಲ್ಲ.

ಕೋರ್ಟಿನಿಂದ ಬಿಡಿಸಿ ಉಡುಪಿಯ ಗ್ಯಾರೇಜಿಗೆ ಸಾಗಿಸಿದ ಮೇಲೂ ಇನ್ಶೂರೆನ್ಸಿನವರು ಒಪ್ಪಿಗೆ ಕೊಡಲಿಲ್ಲ. ಕೈಯಿಂದ ಹಾಕಿ ರಿಪೇರಿ ಮಾಡಿಸುವ ಅನುಕೂಲ ನಮಗಿರಲಿಲ್ಲ. ಇವರು ಅಂಗಡಿ ಮುಚ್ಚಿ ಉಡುಪಿಯ ಆಫೀಸಿಗೆ ಹೋದಾಗಲೆಲ್ಲ ಅಲ್ಲಿಯವರು, "ಫೈಲು ಮೇಲೆ ಹೋಗಿದೆ, ಬರ್ತದೆ" ಎನ್ನುತ್ತಿದ್ದರು. ಮಳೆಗಾಲ ಬಂತು, ಮುಗಿಯಿತು. ಅತ್ತೆಯ ಹೆಬ್ಬೆರಳು ಮತ್ತೆ ಮಡಚಿಕೊಂಡಿತು.

ಕೊನೆಗೊಂದು ಮಧ್ಯಾಹ್ನ ಇನ್ಶೂರೆನ್ಸ್ ಆಫೀಸಿನಿಂದ ವಿಚಾರಣೆಗೆಂದು ಒಬ್ಬರು ಬಂದರು. ಹುಬ್ಬಳ್ಳಿ ಕಡೆಯವರು, ಹೊಸದಾಗಿ ವರ್ಗವಾಗಿ ಬಂದವರು. ದಾರಿ ತೋರಿಸಲು ಪಕ್ಕದ ಮನೆಯ ಅಕ್ಕ ಜೊತೆಗೇ ಬಂದಿದ್ದರು. ಅತ್ತೆ ಜಗಲಿಯ ಕುರ್ಚಿಯಲ್ಲಿದ್ದರು. ನಾನು ಬೆಲ್ಲ, ನೀರು ತಂದಿಟ್ಟೆ.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಕಾರ ಸಿಕ್ಕಾಗ ಒಂದ ಗೀರೂ ಇದ್ದಿದ್ದಿಲ್ಲ ಅಂತ ಇಲ್ಲಿ ಮಂದಿ ಎಲ್ಲಾ ಹೇಳ್ಯಾರಂತ ಮೊದಲಿನವರು ಫೈಲಿನ್ಯಾಗ ಬರದಾರ. ಹಂಗಾರ ಗಾಲಿ, ಸೀಟು ಯಾವಾಗ ಹೋದೂರಿ?"

ಅಕ್ಕ ಮೆಟ್ಟಿಲಿನಿಂದಲೇ ಹೇಳಿದರು: "ನಾನು ಇದ್ದದ್ದನ್ನೇ ಹೇಳಿದ್ದು ಮಾರಾಯ್ರೆ. ಇವರೇ ಹೇಳಿದ್ದಲ್ವಾ? ನಾವು ಚಕ್ಕುಲಿ ಸಹ ತಿಂದಿದ್ದೇವೆ."

ಫೈಲು ಯಾಕೆ ನಿಂತಿತ್ತೆಂದು ನನಗೆ ಆಗ ಗೊತ್ತಾಯಿತು. ಸಾಮಾನು ನಾವೇ ಬಿಚ್ಚಿ ಮಾರಿದ್ದೇವೆ ಎಂದು ಅವರಿಗೆ ಸಂಶಯ. ಜನರ ಮುಂದೆ ತಲೆಯೆತ್ತಿ ವ್ಯಾಪಾರ ಮಾಡುವ ನನ್ನ ಗಂಡನನ್ನು ಕಳ್ಳನ ಸ್ಥಾನದಲ್ಲಿ ನಿಲ್ಲಿಸಿದ್ದು ನನ್ನ ಬಾಯಿ. ಅತ್ತೆಯ ಮಡಚಿದ ಕೈ ಕಣ್ಣಿಗೆ ಬಿತ್ತು.

"ನಾನು ನೋಡದೆ ಹೇಳಿದ್ದು," ಎಂದೆ. "ನೋಡಿದ ಮೇಲೂ ಸರಿ ಮಾಡಿ ಹೇಳಲಿಲ್ಲ."

"ಯಾಕ್ರೀ?"

"ಅಜ್ಜ ಅರ್ಧ ಕೊಟ್ಟರು ಅಂತ ಹೇಗೆ ಹೇಳುವುದು?"

ಅವರು ಪೆನ್ನು ಹಿಡಿದು ನನ್ನನ್ನೇ ನೋಡಿದರು. "ಇದನ್ನ ರಿಪೋರ್ಟಿನ್ಯಾಗ ಹೆಂಗ ಬರೀಲಿರೀ ನಾನು?"

"ಅಯ್ಯೋ ದೇವರೇ!" ಅಕ್ಕ ತಲೆಗೆ ಕೈ ಹಚ್ಚಿದರು. "ನಾನು ನನ್ನ ತಂಗಿಗೆ ಸಹ ಫೋನು ಮಾಡಿ ಹೇಳಿದ್ದೆ. ಅವಳು ಅದನ್ನು ಕೇಳಿ ಬಳೆ ಹೋದದ್ದಕ್ಕೆ ಹರಕೆ ಹೇಳಿದ್ದಾಳೆ. ಈಗ ಅವಳಿಗೆ ಎಂತ ಹೇಳುವುದು?"

ಅತ್ತೆ ಓರೆಯಾದ ಬಾಯಿಯಲ್ಲೇ ಕೇಳಿದರು: "ಸೀಟು... ಅಜ್ಜ ಕದ್ದದ್ದಾ?"

ಬಂದವರಿಗೆ ನಗು ತಡೆಯಲಾಗಲಿಲ್ಲ. ನನಗೆ ಮಾತ್ರ ನೆಲ ಬಿರಿದು ಒಳಗೆ ಹೋಗೋಣ ಅನಿಸಿತು. ಕಾರು ಸಿಕ್ಕಿದ ಜಾಗದಲ್ಲಿ ಪೊಲೀಸರು ಬರೆದ ಮಹಜರು ತರಿಸಿ ನೋಡುತ್ತೇನೆ, ಗಾಲಿ, ಸೀಟು ಆಗಲೇ ಇರಲಿಲ್ಲ ಎಂದು ಅದರಲ್ಲಿದ್ದರೆ ಸಾಕು ಎಂದು ಅವರು ಹೇಳಿದರು. ಆದರೂ ನನ್ನ ಹೇಳಿಕೆಯನ್ನು ಬರೆದುಕೊಂಡು ಸಹಿ ಹಾಕಿಸಿದರು. ಅತ್ತೆ, ಅಕ್ಕ ಇಬ್ಬರ ಎದುರು ನನ್ನ ಸುಳ್ಳನ್ನು ಓದಿ ಹೇಳಿದ್ದು ಈಗಲೂ ಕಿವಿಯಲ್ಲುಂಟು.

ರಾತ್ರಿ ಊಟಕ್ಕೆ ಕೂತಾಗ ಇವರಿಗೆ ಹೇಳಿದೆ. ಬೈಯಲಿಲ್ಲ. "ಅಂಗಡಿಯಲ್ಲಿ ಕೆಲವರು ನನ್ನನ್ನು ಒಂಥರಾ ನೋಡುತ್ತಿದ್ದರು. ಯಾಕಂತ ಈಗ ಗೊತ್ತಾಯಿತು" ಎಂದರು ಅಷ್ಟೆ. ಬೈದಿದ್ದರೆ ಒಳ್ಳೆಯದಿತ್ತು.

ಒಪ್ಪಿಗೆ ಬಂತು, ಕೇಳಿದಷ್ಟಕ್ಕಲ್ಲ, ಓಡುವಷ್ಟಕ್ಕೆ. ಬಾಗಿಲು ಬೇರೆ ಕಾರಿನದು, ಬಣ್ಣವೂ ಬೇರೆ. ಅತ್ತೆಯನ್ನು ಮತ್ತೆ ಮಣಿಪಾಲಕ್ಕೆ ಹೊರಡಿಸಿದ ಬೆಳಿಗ್ಗೆ ಅಕ್ಕ ಗೇಟಿನ ಹತ್ತಿರ ನಿಂತಿದ್ದರು. ಅಷ್ಟು ದಿನ ನಮ್ಮ ನಡುವೆ ಮಾತು ಕಡಿಮೆಯಾಗಿತ್ತು.

"ಕಾರು ಸರಿಯಾಯ್ತಾ?" ಎಂದರು.

"ಎಡಗಡೆ ಬಾಗಿಲು ದೂಡಿ ಹಾಕಬೇಕು ಅಕ್ಕ. ಒಂದು ಕಿಟಕಿಯ ಗ್ಲಾಸು ಇಳಿಯುವುದಿಲ್ಲ. ಹಿಂದಿನ ಸೀಟು ಸ್ವಲ್ಪ ವಾಲ್ತದೆ. ಮತ್ತೆ, ಹಾರನ್ನು..."

"ಸಾಕು ಮಾರಾಯ್ತಿ, ಹೊರಡು. ಡಾಕ್ಟರು ಕಾಯ್ತಾರೆ," ಎಂದು ಅವರೇ ಬಂದು ಬಾಗಿಲು ದೂಡಿ ಹಾಕಿದರು.