ಉಪವಾಸ ಬಿದ್ದ ಎಂಜಿನ್ನಿಗೆ ಸೋಪಿನ ನೀರು

ಬೆಳಗಿನ ಆರಕ್ಕೆ ಇನ್ನೂ ಐದು ನಿಮಿಷ. ಮೆಹದಿಪಟ್ಟಣಂ ಬಸ್ಸುಗಳ ಹಾರ್ನು ಆಗಲೇ ಶುರುವಾಗಿದೆ. ಒಳಗಿನ ಕಾಲನಿಯ ಮನೆಯೊಂದರ ಅಂಗಳದಲ್ಲಿ, ಬಾನೆಟ್ ಎತ್ತಿದ ಹಳೆಯ ಫಿಯೆಟ್ ಕಾರಿನ ಎದುರು ಶರಣಬಸಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಾರೆ. ವಯಸ್ಸು ಐವತ್ತೆರಡು. ಕೈಯಲ್ಲಿ ಸ್ಪ್ಯಾನರು, ಕಾಲ ಬಳಿ ಒಂದು ಬಟ್ಟಲು ಸೋಪಿನ ನೀರು, ಅದರೊಳಗೆ ಗಡ್ಡಕ್ಕೆ ನೊರೆ ಹಚ್ಚುವ ಬ್ರಶ್ಶು. ಎರಡಡಿ ದೂರದಲ್ಲಿ ಕೈಕಟ್ಟಿಕೊಂಡು, ಕಣ್ಣು ಕೀಳದೆ ಕಾವಲು ನಿಂತವರು ಕಾರಿನ ಯಜಮಾನ ಗುರುರಾಜರಾಯರು. ನೀರಾವರಿ ಇಲಾಖೆಯಿಂದ ನಿವೃತ್ತರಾದ ಮೇಲೆ ಅವರು ಮೇಲುಸ್ತುವಾರಿ ಮಾಡಬಹುದಾದ ವಸ್ತು ಈ ಕಾರೊಂದೇ.

ಕಾವಲಿಗೆ ಕಾರಣವಿದೆ. ಹನ್ನೆರಡು ವರ್ಷಗಳ ಹಿಂದೆ, 1984ರಲ್ಲಿ, ಇದೇ ಕಾರಿನ ಕಾರ್ಬ್ಯುರೇಟರನ್ನು ಕೆಡಿಸಿದ್ದು ಇದೇ ಶರಣಬಸಮ್ಮ.

ಅವರ ಮೂಲ ಕಸುಬು ಸ್ಟವ್ ರಿಪೇರಿ. ಸೇಡಂ ಕಡೆಯಿಂದ ಮದುವೆಯಾಗಿ ಬಂದಾಗ ಗಂಡ ಅಮರೇಶಪ್ಪ ಬೇಗಂ ಬಜಾರಿನ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತು ಪಂಪ್ ಸ್ಟವ್ ದುರಸ್ತಿ ಮಾಡುತ್ತಿದ್ದರು. ಒಂದು ದಿನ ಸ್ಟವ್ ಸಿಡಿದು ಅವರ ಬಲಗೈ ಸುಟ್ಟಿತು. ಬೆರಳುಗಳು ಮತ್ತೆ ಮಡಚಲಿಲ್ಲ. ಗಂಡ ಬಾಯಲ್ಲಿ ಹೇಳುತ್ತಾ ಹೋದರು, ಹೆಂಡತಿ ಕೈಯಲ್ಲಿ ಮಾಡುತ್ತಾ ಹೋದರು. ದಿನಕ್ಕೆ ಹದಿನಾಲ್ಕು ಸ್ಟವ್ ಬಿಚ್ಚಿ ಜೋಡಿಸಿದ ಕಾಲವೂ ಇತ್ತು. ಹೆಂಗಸಾದ್ದರಿಂದ ಅಡುಗೆಮನೆಯ ತನಕ ಬಿಡುತ್ತಾರೆಂದು ಮನೆಮನೆಗೂ ಹೋಗತೊಡಗಿದರು. ಶಾಮಲಾಬಾಯಿ, ಅಂದರೆ ರಾಯರ ಹೆಂಡತಿ, ಪರಿಚಯವಾದದ್ದು ಹಾಗೆ.

ಆಮೇಲೆ ಮನೆಮನೆಗೆ ಗ್ಯಾಸ್ ಬಂತು, ಸ್ಟವ್ ಅಟ್ಟ ಸೇರಿತು. ಪಕ್ಕದ ಮನೆಯ ಟ್ಯಾಕ್ಸಿ ಡ್ರೈವರನೊಬ್ಬ ಕಾರ್ಬ್ಯುರೇಟರು ಬಿಚ್ಚಿಟ್ಟುಕೊಂಡು ಕೂತಿದ್ದನ್ನು ನೋಡಿದ ಶರಣಬಸಮ್ಮನಿಗೆ, ಇದೂ ಸ್ಟವ್‌ನ ಬಳಗವೇ ಅನಿಸಿತು. ಸಣ್ಣ ತೂತಿನಿಂದ ಎಣ್ಣೆ ಬರಬೇಕು, ಗಾಳಿ ಕೂಡಬೇಕು, ಉರಿಯಬೇಕು. ಆ ಧೈರ್ಯದಲ್ಲೇ ರಾಯರ ಕಾರಿಗೆ ಕೈ ಹಾಕಿದರು. ಬರ್ನರಿಗೆ ಚುಚ್ಚುವಂತೆ ಪೆಟ್ರೋಲು ಚಿಮ್ಮುವ ಜೆಟ್ಟಿನ ತೂತಿಗೂ ಸ್ಟವ್ ಪಿನ್ನು ಚುಚ್ಚಿದರು. ಹಿತ್ತಾಳೆಯ ತೂತು ಅಗಲವಾಯಿತು. ಕಾರು ಕರಿಹೊಗೆ ಕಾರುತ್ತಾ ಪೆಟ್ರೋಲನ್ನು ನೀರಿನಂತೆ ಕುಡಿಯತೊಡಗಿತು. ಅಂದಿನಿಂದ ಅವರು ಜೆಟ್ಟಿಗೆ ಪಿನ್ನು ಮುಟ್ಟಿಸಿಲ್ಲ, ಪೆಟ್ರೋಲಿನಲ್ಲಿ ತೊಳೆದು ಸೈಕಲ್ ಪಂಪಿನಿಂದ ಗಾಳಿ ಹೊಡೆಯುತ್ತಾರೆ. ಆದರೆ ರಾಯರು ಗಲ್ಲಿಯೆಲ್ಲ ಹೇಳಿಕೊಂಡು ಬಂದ ಸುದ್ದಿ ಸುಮ್ಮನಿರುತ್ತದೆಯೇ? ಈಗ ದಿನಕ್ಕೆ ಮೂರು ಮನೆ, ಮೂರು ಕಾರು ನೋಡುವ ಈ ತಾಯಿಗೆ ರಾಯರ ಗಲ್ಲಿಯ ಹನ್ನೊಂದು ಕಾರುಗಳಲ್ಲಿ ಒಂದೂ ಬಾನೆಟ್ ತೆರೆದಿಲ್ಲ.

ಇವತ್ತು ತೆರೆದಿದೆ, ಶಾಮಲಾಬಾಯಿಯವರ ಹಟಕ್ಕೆ. ಮೂರು ವಾರದಿಂದ ಕಾರು ಏರಿನಲ್ಲಿ ಕೆಮ್ಮುತ್ತದೆ, ಆಕ್ಸಿಲರೇಟರು ಒತ್ತಿದರೆ ಮುಗ್ಗರಿಸುತ್ತದೆ, ಬೇಗ ಕಾಯುತ್ತದೆ. ಎಂಜಿನ್ ಇಳಿಸಿ ಬಿಚ್ಚಬೇಕೆಂದು ಗ್ಯಾರೇಜಿನವರು ಹೇಳಿದ್ದಾರೆ. ಅದಕ್ಕೆ ಮೊದಲು ಶರಣಬಸಮ್ಮ ಒಂದು ಸಲ ನೋಡಲಿ ಎಂದು ಶಾಮಲಾಬಾಯಿ ಪಟ್ಟು ಹಿಡಿದರು. ಎಂಟರೊಳಗೆ ಆಗದಿದ್ದರೆ ಕಾರು ಗ್ಯಾರೇಜಿಗೆ ಎಂದು ರಾಯರ ಕರಾರು. ಇವತ್ತೂ ಸೋತರೆ ಈ ಗಲ್ಲಿಯ ಆಸೆ ಬಿಟ್ಟಂತೆಯೇ ಎಂಬುದು ಶರಣಬಸಮ್ಮನಿಗೆ ಗೊತ್ತಿದೆ.

ಅವರು ಅವಸರ ಮಾಡುವುದಿಲ್ಲ. ಎಂಜಿನ್ ಬಿಸಿಯಾಗುವ ತನಕ ಓಡಿಸುತ್ತಾರೆ. ಗಾಳಿ ತಗ್ಗಿಸುವ ಚೋಕ್ ಒಂದಿಷ್ಟು ಎಳೆಯುತ್ತಾರೆ. ಅಷ್ಟಕ್ಕೇ ಕೆಮ್ಮು ನಿಲ್ಲುತ್ತದೆ, ಬಿಟ್ಟರೆ ಮತ್ತೆ ಶುರು. ಎಂಜಿನ್ ನಿಲ್ಲಿಸಿ, ಕೈ ಸುಡದಂತೆ ಅರಿವೆ ಸುತ್ತಿ ಒಂದು ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿಯುತ್ತಾರೆ.

“ನೋಡ್ರಿ, ವಿಭೂತಿ ಹಚ್ಚಿಧಂಗ ಬೆಳ್ಳಗ ಆಗೇತಿ. ಬೆಲ್ಲದ ಬಣ್ಣ ಇರಬೇಕಿತ್ತು. ಗಾಡಿ ಉಪಾಸ ಐತ್ರಿ, ಗಾಳಿ ಭಾಳ, ಪೆಟ್ರೋಲ್ ಕಮ್ಮಿ.”

ರಾಯರ ಮುಖ ಸ್ವಲ್ಪ ಬಾಡುತ್ತದೆ.

ಮೊದಲು ಪೆಟ್ರೋಲಿನ ಫಿಲ್ಟರು, ಜೆಟ್ಟು ನೋಡುತ್ತಾರೆ. ಎರಡೂ ಸ್ವಚ್ಛ. ಹಾಗಾದರೆ ಎಲ್ಲೋ ಕಳ್ಳಗಾಳಿ ನುಗ್ಗುತ್ತಿದೆ. ಪ್ಲಗ್ ಹಾಕಿ, ಎಂಜಿನ್ ಚಾಲೂ ಮಾಡಿ, ಬ್ರಶ್ಶು ಅದ್ದಿ ಒಂದೊಂದೇ ಜೋಡಣೆಗೆ ಸೋಪಿನ ನೀರು ಸವರುತ್ತಾ ಹೋಗುತ್ತಾರೆ. ಸ್ಟವ್ ಸೋರಿದರೆ ಗುಳ್ಳೆ ಏಳುತ್ತದೆ, ಎಂಜಿನ್ ಹಾಗಲ್ಲ. “ಅದು ಊದತೈತಿ, ಇದು ಹೀರತೈತಿ. ಇಷ್ಟು ತಿಳಿಯಾಕ ನನಗ ಎರಡು ವರ್ಷ ಹಿಡೀತ್ರಿ.”

ಒಂದು ಕಡೆ ನೊರೆ ಸರ್ರನೆ ಒಳಗೆ ಮಾಯವಾಗುತ್ತದೆ. ಎಂಜಿನ್ ಅರೆಕ್ಷಣ ಸದ್ದು ಬದಲಿಸುತ್ತದೆ. ರಬ್ಬರ್ ಟ್ಯೂಬಿನ ನಡುವೆ, ಹೊರಗೆ ಕಾಣದಂತೆ ಕರಿ ಟೇಪು ಸುತ್ತಿದ ಬೆರಳುದ್ದದ ಹಿತ್ತಾಳೆ ಕೊಳವೆ, ಅದಕ್ಕೊಂದು ತೂತು. ಆವರೇಜ್, ಅಂದರೆ ಲೀಟರಿಗೆ ಓಡುವ ದೂರ, ಹೆಚ್ಚಿಸುತ್ತದೆಂದು ಫುಟ್‌ಪಾತಿನಲ್ಲಿ ಮಾರುವ ‘ಪೆಟ್ರೋಲ್ ಸೇವರ್’. ಪೆಟ್ರೋಲು ಉಳಿಯುವುದೇನೋ ನಿಜ, ಎಂಜಿನ್ನಿಗೆ ಮಾತ್ರ ಅರೆಹೊಟ್ಟೆ. ಟೇಪು ಹೊಸದು, ಮೂರು ವಾರಕ್ಕಿಂತ ಹಳೆಯದಲ್ಲ. ಅದನ್ನು ಸುತ್ತಿದವರು ಯಾರೆಂದು ಕೇಳುವ ಅಗತ್ಯವೇ ಇಲ್ಲ, ರಾಯರ ಕಿವಿಯೆರಡೂ ಕೆಂಪಾಗಿವೆ.

ಅಷ್ಟರಲ್ಲಿ ಚಹಾದ ಕಪ್ಪುಗಳೊಂದಿಗೆ ಶಾಮಲಾಬಾಯಿ ಹೊರಗೆ ಬಂದು, ಏನಾಗಿತ್ತು ಎನ್ನುತ್ತಾರೆ. ಹನ್ನೆರಡು ವರ್ಷ ಗಲ್ಲಿ ತುಂಬ ಹೆಸರು ಕೆಡಿಸಿದ ಮನುಷ್ಯ ಈಗ ಕೈಗೆ ಸಿಕ್ಕಿದ್ದಾರೆ. ಬೇರೆ ಯಾರಾದರೂ ಆಗಿದ್ದರೆ ಬಡ್ಡಿ ಸಮೇತ ತೀರಿಸಿಕೊಳ್ಳುತ್ತಿದ್ದರು. ಶರಣಬಸಮ್ಮ ಎಂಜಿನ್ ನಿಲ್ಲಿಸಿ, ಬಿಚ್ಚಿದ ಕೊಳವೆಯನ್ನು ಅರಿವೆಯೊಳಗೆ ಮುಚ್ಚಿ ಹಿಡಿದು, ಟ್ಯೂಬಿನಲ್ಲಿ ಗಾಳಿ ಸೇರುತ್ತಿತ್ತು, ಹೊಸ ತುಂಡು ಹಾಕಿದರೆ ಆಯಿತು ಎಂದಷ್ಟೇ ಹೇಳುತ್ತಾರೆ. ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ರಾಯರು ಗಂಟಲು ಸರಿಮಾಡಿಕೊಳ್ಳುತ್ತಾರೆ.

“ಶಾಮಲಾ, ಆ ಗಾಳಿ ನಾನ ಹಾಕಿದ್ದು. ಆವರೇಜ್ ಬರ್ತದ ಅಂತ.”

ಶಾಮಲಾಬಾಯಿ ಗಂಡನನ್ನು ನೋಡಿದ ನೋಟಕ್ಕೆ ವಿವರಣೆ ಬೇಡ. ರಾಯರು ಕಾರಿನಿಂದ ಕೀಲಿಕೈ ತೆಗೆದು ಮಡ್‌ಗಾರ್ಡಿನ ಮೇಲಿಡುತ್ತಾರೆ. ಇಷ್ಟು ವರ್ಷ ಶರಣಬಸಮ್ಮನನ್ನು ಏಕವಚನದಲ್ಲೇ ಕರೆದವರು, “ಉಳಿದದ್ದು ನೀವು ನೋಡ್ಕೊಂಡು ಮಾಡ್ರಿ” ಎಂದು ಹೇಳಿ ಒಳಗೆ ಹೋಗುತ್ತಾರೆ.

ಟ್ಯೂಬು ಜೋಡಿಸಿ, ನಾಲ್ಕೂ ಪ್ಲಗ್ ಒರೆಸಿ, ಎಂಜಿನ್ ನಿಂತಲ್ಲೇ ಓಡುವ ಐಡಲ್ ವೇಗ ಹದಕ್ಕೆ ತರಲು ಅರ್ಧ ತಾಸು. ಏಳೂವರೆಗೆ ಕಾರು ಕೆಮ್ಮಿಲ್ಲದೆ ಗಲ್ಲಿ ಸುತ್ತಿ ಬರುತ್ತದೆ. ಮೂಲೆಮನೆಯ ನಲಿನಿಯವರು ತಮ್ಮ ಕಾರನ್ನೂ ನೋಡಬೇಕೆಂದು ಕೈ ಅಡ್ಡ ಹಾಕುತ್ತಾರೆ.

ಖುಷಿಯಾಯಿತೇ ಎಂದು ಶಾಮಲಾಬಾಯಿ ಕೇಳಿದರೆ ಶರಣಬಸಮ್ಮ ಕೈ ಒರೆಸಿಕೊಳ್ಳುತ್ತಾ ಒಳಬಾಗಿಲ ಕಡೆ ನೋಡುತ್ತಾರೆ.

“ಗಾಡಿ ದುರಸ್ತ ಆದದ್ದೇನು ದೊಡ್ಡದಲ್ರಿ, ದಿನಾ ಆಗ್ತಾವು. ಅರ್ಧ ತಾಸು ನಾ ಒಬ್ಬಾಕೀನ ಇದ್ನಲ್ಲ ಇಲ್ಲಿ, ರಾಯರು ಒಮ್ಮೆಯೂ ಕಾವಲಿಗೆ ಹೊರಗ ಬರಲಿಲ್ಲ, ಅದು ದೊಡ್ಡದ್ರಿ.”