ಮಜ್ಜಿಗೆ ಕುಡಿಸಿ ವೈನ್ ಕಲಿಸಿದ್ದು

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲಿಗ. ಮುಗಿಸಿ ಎರಡು ವರ್ಷ ಖಾಲಿ ಕುಳಿತಿದ್ದೆ. ನಮ್ಮೂರು ಇಂಡಿಗೆ ಮೊಬೈಲು ಆಗಷ್ಟೇ ಬಂದಿದ್ದ ಕಾಲ. ಒಂದು ವೈನ್ ಕಂಪನಿಗೆ, ದ್ರಾಕ್ಷಿ ಬೆಳೆಗಾರರಿಗೆ ವೈನಿನ ಮಾತು ಕನ್ನಡದಲ್ಲಿ ತಿಳಿಸಿ ಹೇಳುವವನು ಬೇಕಾಗಿದ್ದ. ನಾನು ಮೂರು ದಿನ ಕಲಿಸಬೇಕು, ನಾಲ್ಕನೆಯ ದಿನ ಮ್ಯಾನೇಜರು ಬೆಳೆಗಾರರ ಪರೀಕ್ಷೆ ಮಾಡುತ್ತಾರೆ. ಅವರು ಪಾಸಾದರೆ ನನಗೆ ನೌಕರಿ.

ನಾನು ವೈನ್ ಕಂಡವನಲ್ಲ. ಬೆಳೆಗಾರರೂ ಅಷ್ಟೇ. ಮೇಲೆ ಶ್ರಾವಣ ಬೇರೆ, ತಿಂಗಳಿಡೀ ಯಾರೂ ಕುಡಿಯುವಂತಿಲ್ಲ. ಪುಸ್ತಕ ಓದಿಕೊಂಡು ಅಡುಗೆಮನೆ ಸಾಮಾನಿನಿಂದ ಕಲಿಸಿದೆ. ಹಸಿ ಬಾಳೆಕಾಯಿ ಕಚ್ಚಿಸಿ, ನಾಲಿಗೆ ಹಿಡಿಯುವ ಈ ಒಗರೇ ಟ್ಯಾನಿನ್, ದ್ರಾಕ್ಷಿ ಸಿಪ್ಪೆಯಿಂದ ಬರುತ್ತದೆ ಎಂದೆ. ನೀರುಮಜ್ಜಿಗೆ, ಗಟ್ಟಿಮಜ್ಜಿಗೆ ಎರಡೂ ಕುಡಿಸಿ, ಬಾಯಿ ತುಂಬುವ ಆ ಭಾರಕ್ಕೆ ಬಾಡಿ ಅನ್ನುತ್ತಾರೆ ಎಂದೆ. ಗುರೆಳ್ಳು ಚಟ್ನಿ ನೆಕ್ಕಿಸಿ, ನುಂಗಿದ ಮೇಲೂ ಉಳಿಯುವ ರುಚಿಯೇ ಫಿನಿಶ್ ಎಂದೆ.

"ಹಂಗಾದ್ರ ನಮ್ಮಾಕಿ ಚಟ್ನಿ ಫಿನಿಶ್ ಝಳಕಿ ಊರಿನ ಮಟಾ ಬರ್ತೈತಿ ತಗೋ," ಎಂದ ಒಬ್ಬ.

ನಾಲ್ಕನೆಯ ದಿನ ಬೆಂಗಳೂರಿನ ಮ್ಯಾನೇಜರು ಮೂರು ಗ್ಲಾಸು ಕೆಂಪು ವೈನ್ ಇಟ್ಟರು. ಯಾರೂ ಮುಟ್ಟಲಿಲ್ಲ.

"ಶ್ರಾವಣ ಐತ್ರಿ ಸಾಹೇಬ್ರ," ಎಂದರು ಎಲ್ಲರಿಗಿಂತ ಹಿರಿಯರಾದ ಕಾಕಾ.

"ನುಂಗಬೇಡಿ, ಉಗುಳಿಬಿಡಿ."

"ಉಗುಳಾಕಾದ್ರೂ ಬಾಯಾಗ ಹೋಗಬೇಕಲ್ರಿ?"

ಮ್ಯಾನೇಜರು ನನ್ನ ಕಡೆ ತಿರುಗಿದರು. "ಮೂರು ದಿನ ಏನ್ರೀ ಕಲಿಸಿದ್ದು ನೀವು?"

ಮಜ್ಜಿಗೆ ಕುಡಿಸಿದೆ ಎಂದರೆ ನೌಕರಿ ಹೋಯಿತು ಅಂದುಕೊಂಡೆ.

ಕಾಕಾ ನನ್ನ ಮುಖ ನೋಡಿದರು. ತೋಟದಲ್ಲಿ ಹಣ್ಣಿನ ಸಕ್ಕರೆ ಪರೀಕ್ಷಿಸುವಂತೆ ಮೊದಲ ಗ್ಲಾಸಿನಲ್ಲಿ ಎರಡು ಬೆರಳು ಅದ್ದಿ, ಕೂಡಿಸಿ ಬಿಡಿಸಿದರು. "ಅಂಟಂಗಿಲ್ಲ. ಇದರಾಗಿನ ಸಕ್ಕರಿ ಎಲ್ಲಾ ಹುಳಿ ಬಂದು ತೀರೇತಿ."

"ಸರಿ! ಅದನ್ನೇ ಡ್ರೈ ಅನ್ನೋದು," ಎಂದರು ಮ್ಯಾನೇಜರು.

ಕಾಕಾ ಎರಡನೆಯದರಲ್ಲಿ ಬೆರಳು ಅದ್ದಿದರು. "ಇದು ಅಂಟತೈತಿ. ಸಿಹಿ ಉಳದೈತಿ."

ಅದೂ ಸರಿ. ಮೂರನೆಯದನ್ನು ಮೂಸಿ ಮುಖ ಸಿಂಡರಿಸಿದರು. "ಇದು ಕೆಟ್ಟೈತ್ರಿ."

"ರೀ, ಅದು ನಮ್ಮ ಎಲ್ಲಕ್ಕಿಂತ ದುಬಾರಿ ವೈನು!"

ತೋರಿಸಲೆಂದು ಮ್ಯಾನೇಜರು ಒಂದು ಗುಟುಕು ಬಾಯಿಗೆ ಹಾಕಿ ಮರುಕ್ಷಣ ಉಗುಳಿದರು. ಮುಚ್ಚಳ ತೆಗೆದ ಬಾಟಲಿ ದಿನಗಟ್ಟಲೆ ಕಾರಿನಲ್ಲಿ ಕಾದು ವಿನೆಗರ್ ಆಗಿಹೋಗಿತ್ತು. ಉಗುಳಿದ್ದು ಅದಕ್ಕೆಂದೇ ಇಟ್ಟಿದ್ದ ಬಕೆಟ್ಟಿಗೆ ಬೀಳದೆ ಅವರದೇ ಬೂಟಿನ ಮೇಲೆ ಬಿತ್ತು. ಎಲೆಯಡಿಕೆಯಲ್ಲಿ ನುರಿತ ಬೆಳೆಗಾರರು ಮರುಕದಿಂದ ತಲೆಯಾಡಿಸಿದರು.

"ಉಗುಳೂದ ನಾವ ಕಲಿಸಬೇಕೇನ್ರಿ ಇವರಿಗೆ?"

ಕೆಟ್ಟ ವೈನನ್ನು ಮೂಸಿಯೇ ಹಿಡಿದರೆಂದು ಮ್ಯಾನೇಜರು ಎಲ್ಲರನ್ನೂ ಪಾಸು ಮಾಡಿದರು. ವಾರದಲ್ಲಿ ನನಗೆ ಆದೇಶ ಪತ್ರ ಬಂತು. ಹುದ್ದೆ: ರುಚಿ ಅಧಿಕಾರಿ. ಅವ್ವನಿಗೆ ಓದಿ ಹೇಳಿದೆ.

"ರುಚಿ ನೋಡಾಕ ಪಗಾರ ಕೊಡ್ತಾರ? ಇದಕ್ಕ ಇಷ್ಟ್ ವರ್ಷ ಸಾಲಿ ಕಲಿಬೇಕಾತೇನೋ?"

"ಕಲಿಬೇಕವ್ವಾ."

ಓದು ಬಾರದ ಅವ್ವ ಪತ್ರವನ್ನು ತಿರುವಿ ಮುರುವಿ ನೋಡಿದಳು. ಶ್ರಾವಣ ಸೋಮವಾರದ ಪೂಜೆಗೆ ಅದನ್ನು ದೇವರ ಮುಂದಿಟ್ಟು, 'ವೈನ್' ಎಂಬ ಪದದ ಮೇಲೆಯೇ ವಿಭೂತಿ ಹಚ್ಚಿದಳು.