ವಿಚಾರಣೆಯ ಪಾಠ

ಬನಹಟ್ಟಿಯಿಂದ ಅಪರಾಧಶಾಸ್ತ್ರ ಓದಲು ಜಮಖಂಡಿಗೆ ಬಂದು ಹಾಸ್ಟೆಲ್ ಸೇರಿದ್ದೆ. ಎರಡನೇ ವರ್ಷ ಒಬ್ಬ ನಿವೃತ್ತ ಪೊಲೀಸ್ ಅಧಿಕಾರಿ ಪಾಠಕ್ಕೆ ಬಂದರು. ತಮ್ಮ ಕೈಗಡಿಯಾರ ಕಳುವಾಗಿದೆ ಎಂದುಕೊಳ್ಳಿ ಎಂದು ಹೇಳಿ, ವಿಚಾರಣೆ ಮಾಡುವುದನ್ನು ತೋರಿಸಲು ನನ್ನನ್ನು ಎಬ್ಬಿಸಿದರು.

"ನಿಮ್ಮಪ್ಪ ಏನ್ ಮಾಡ್ತಾನ?"

"ಮಗ್ಗ ನಡಸ್ತಾರ್ರಿ."

"ಸ್ವಂತದ್ದೇನು?"

"ಅಲ್ರೀ, ಕೂಲಿ."

"ಹಂಗಾರ ವಾಚ್ ನೋಡಿ ಆಸಿ ಆತು. ಹೌದಿಲ್ಲೊ?"

ಇಲ್ಲ ಎಂದೆ. ಅದನ್ನೇ ಮತ್ತೆ ಕೇಳಿದರು. ನಾನು ಅತ್ತಿತ್ತ ನೋಡಿದರೆ ಕಳ್ಳಿಯ ಕಣ್ಣು ಎಂದರು, ನೀರು ಕೇಳಿದರೆ ಕಳ್ಳಿಯ ಬಾಯಿ ಒಣಗಿದೆ ಎಂದರು. ಹುಡುಗರು ನಕ್ಕರು. ಕೂತರೆ ಸಾಕೆನಿಸಿ, "ನಾನ ತಗೊಂಡೀನ್ರಿ" ಎಂದುಬಿಟ್ಟೆ.

ಅವರು ತಮ್ಮ ಜೇಬಿನಿಂದ ಗಡಿಯಾರ ತೆಗೆದು ಎಲ್ಲರಿಗೂ ತೋರಿಸಿದರು. "ನೋಡ್ರಿ, ತಗೊಳ್ದಾಕಿನೂ ಒಪ್ಕೊಂಡ್ಲು. ಒತ್ತಡದ ತಪ್ಪೊಪ್ಪಿಗೆ ಅಂದ್ರ ಇದು. ಬರಕೋರಿ." ಎಲ್ಲರೂ ಬರೆದುಕೊಂಡರು.

ಆ ತಿಂಗಳೇ ನನ್ನ ಕೋಣೆಯ ಗೆಳತಿಯ ಫೋನು ಕಾಣೆಯಾಯಿತು. ಆಕೆ ಮುಧೋಳದ ಕಬ್ಬಿನ ಹೊಲದವರ ಮಗಳು. ನಾಲ್ವರಿದ್ದ ಕೋಣೆಯಲ್ಲಿ ವಾರ್ಡನ್ ಮೇಡಂ ತೆರೆಸಿದ್ದು ನನ್ನ ಟ್ರಂಕು ಮಾತ್ರ. ಒಳಉಡುಪುಗಳನ್ನೂ ಒಂದೊಂದಾಗಿ ಕೊಡವಿ ನೋಡಿದರು.

"ಅವತ್ತ ಕ್ಲಾಸಿನ್ಯಾಗ ಒಪ್ಕೊಂಡಂಗ ಈಗೂ ಒಪ್ಕೊಂಡಬಿಡು, ಮುಗದ ಹೋಗ್ತೈತಿ" ಎಂದರು ಮೇಡಂ.

ನಾನು ಒಪ್ಪಲಿಲ್ಲ. ಮರುದಿನ ಅಪ್ಪನನ್ನು ಕರೆಸಿದರು. ತಲೆಗೂದಲಲ್ಲಿ ಹತ್ತಿಯ ಎಳೆ ಅಂಟಿಸಿಕೊಂಡೇ ಬಂದ ಅಪ್ಪ ನನ್ನನ್ನು ಒಂದು ಮಾತೂ ಕೇಳಲಿಲ್ಲ. ನೇರವಾಗಿ ಮೇಡಂಗೆ ಕೈ ಮುಗಿದರು.

"ಸಣ್ಣ ಹುಡುಗಿ ಐತ್ರಿ. ಹೊಟ್ಯಾಗ ಹಾಕ್ಕೋರಿ."

ಅವರ ಕೈ ಇನ್ನೂ ಮುಗಿದೇ ಇತ್ತು, ಮೇಡಂ ಫೋನು ರಿಂಗಾಯಿತು. ಗೆಳತಿಯ ಫೋನು ಆಕೆಯ ಮನೆಯ ಕಾರಿನ ಸೀಟಿನ ಕೆಳಗೆ ಸಿಕ್ಕಿತ್ತಂತೆ.

"ಸಿಕ್ತಂತ. ನೀವಿನ್ನ ಹೋಗ್ರಿ" ಎಂದರು ಮೇಡಂ.

"ಭಾಳ ಉಪಕಾರ ಆತ್ರಿ" ಎಂದರು ಅಪ್ಪ.

ಬಸ್ ಸ್ಟ್ಯಾಂಡಿನವರೆಗೆ ಇಬ್ಬರೂ ನಡೆದೆವು. ಬಸ್ಸು ಹತ್ತುವ ಮುಂಚೆ ಅಪ್ಪ ನನ್ನ ಮುಖ ನೋಡದೆ ಕೇಳಿದರು: "ಅಲ್ಲವ್ವಾ, ಅಷ್ಟ ಮಂದ್ಯಾಗ ನಿನ್ನ ಹೆಸರ ಯಾಕ ಬಂತು?"

ಬಸ್ಸು ಹೊರಟಿತು.

ಸಂಜೆ ಗೆಳತಿಯ ಅಣ್ಣ ಫೋನು ತಂದುಕೊಟ್ಟು ಹೋದ. ಮಂಚದ ಮೇಲೆ ಅಡ್ಡಾಗಿದ್ದ ಆಕೆ ನನ್ನತ್ತ ಕೈ ಚಾಚಿದಳು.

"ಚಾರ್ಜರ್ ಊರಾಗ ಉಳೀತ್ಲೇ. ನಿಂದ ಕೊಡು."

ಕೊಟ್ಟೆ. ಓದು ಮುಗಿಯುವ ತನಕ ಅದೇ ಕೋಣೆಯಲ್ಲಿದ್ದೆವು.